ಮನೆಯವರ ಹೆಸರು

ನನ್ನ ಹೆಂಡತಿ ಎಂಟು ವರ್ಷದಿಂದ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಇದಕ್ಕೆ ಕಾರಣ ಸಿಟ್ಟಲ್ಲ, ನಮ್ಮವ್ವ.

ಹೆಂಡತಿ ಫಿಲಿಪೀನ್ಸ್ ದೇಶದವಳು. ಮದುವೆಗೆ ಮುಂಚೆ ಮಸ್ಕತ್ತಿನ ಆಸ್ಪತ್ರೆಯಲ್ಲಿ ಅವಳು ನರ್ಸ್ ಆಗಿದ್ದಳು, ನಾನು ಲ್ಯಾಬಿನಲ್ಲಿದ್ದೆ. ಅಲ್ಲಿ ಅವಳ ಹೆಸರು ಮರಿಸೆಲ್. ಖಾನಾಪುರದಲ್ಲಿ ಮದುವೆಯಾದ ದಿನವೇ ನಮ್ಮವ್ವ ಸತ್ಯವ್ವ ತಟ್ಟೆಯ ಅಕ್ಕಿಯಲ್ಲಿ ನನ್ನ ಕೈಯಿಂದ ಅವಳ ಹೊಸ ಹೆಸರು ‘ಮಾಲಾ’ ಎಂದು ಬರೆಸಿದಳು. ಅಂದು ಓಣಿಯ ಹೆಂಗಸರೆಲ್ಲ ನಮ್ಮ ಬಾಗಿಲಿಗೆ ಅಡ್ಡ ನಿಂತರು. ಒಡಪು ಹಾಕಿ, ಅಂದರೆ ಪ್ರಾಸದ ಸಾಲಿನಲ್ಲಿ ಸೇರಿಸಿ, ಗಂಡನ ಹೆಸರು ಹೇಳದೆ ಹೊಸ ಸೊಸೆ ಒಳಗೆ ಬರುವ ಹಾಗಿಲ್ಲ. ಮಾಲಾಳಿಗೆ ಆಗ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಅವ್ವ ತಾನೇ ಎರಡು ಸಾಲು ಕಟ್ಟಿ ಅವಳ ಕಿವಿಯಲ್ಲಿ ಉಸುರಿದಳು, ಇವಳು ಗಿಳಿಪಾಠ ಒಪ್ಪಿಸಿ ಒಳಗೆ ಬಂದಳು.

ಬಂದ ಮೇಲೆ ಎರಡನೇ ಪಾಠ. ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಈಗಿನ ನಮ್ಮೂರ ಹುಡುಗಿಯರು ಗಂಡನನ್ನು ಏನು ಬೇಕಾದರೂ ಕರೆಯುತ್ತಾರೆ. ಇವಳು ಮಾತ್ರ ವ್ರತದಂತೆ ಪಾಲಿಸಿದಳು.

ಅವಳ ಪೌರತ್ವದ ಅರ್ಜಿ ಹಾಕಿ ಒಂದು ವರ್ಷ ಅಲೆದ ಮೇಲೆ ಬೆಳಗಾವಿಯಿಂದ ಸಂದರ್ಶನಕ್ಕೆ ಕರೆ ಬಂತು. ನಮ್ಮ ಮದುವೆ ಬರೀ ಕಾಗದದ್ದಲ್ಲ ಎಂದು ಅಧಿಕಾರಿಗೆ ಖಾತ್ರಿಯಾಗಬೇಕು. ಆಗದಿದ್ದರೆ ಅರ್ಜಿ ವಜಾ, ಮತ್ತೆ ವೀಸಾದ ಪಡಿಪಾಟಲು. ಮಾಲಾ ವಾರವಿಡೀ ರಾಷ್ಟ್ರಗೀತೆ, ಜಿಲ್ಲೆಯ ತಾಲೂಕುಗಳು, ಎಲ್ಲ ಬಾಯಿಪಾಠ ಮಾಡಿದಳು.

ಅಧಿಕಾರಿ ಮೈಸೂರು ಕಡೆಯ ಹೆಣ್ಣುಮಗಳು. ಸಾಕ್ಷಿಯಾಗಿ ಬಂದ ಅವ್ವನನ್ನು ಬಾಗಿಲ ಬಳಿ ಕೂರಿಸಿ, ನನಗೆ "ನೀವು ಬಾಯಿ ಬಿಡಕೂಡದು" ಎಂದರು. ಆಮೇಲೆ ಮಾಲಾಳತ್ತ ತಿರುಗಿದರು.

"ನಿಮ್ಮ ಗಂಡನ ಹೆಸರು ಹೇಳಿ."

ಮಾಲಾ ತಲೆ ತಗ್ಗಿಸಿದಳು. "ಇಲ್ಲೇ ಕುಂತಾರಲ್ಲರಿ."

"ಹೆಸರು ಕೇಳಿದೆ."

"ನಿಮ್ಮ ಫೈಲದಾಗ ಐತ್ರಿ."

"ನನಗೆ ಗೊತ್ತು. ನಿಮಗೆ ಗೊತ್ತಾ ಅನ್ನೋದು ಬೇಕು."

"ಗಣಪ್ಪನ ಹೆಸರ್ರಿ."

"ಗಣಪತಿಗೆ ನೂರಾರು ಹೆಸರಿವೆ. ಯಾವುದು?"

"ಫೈಲದಾಗ ಇದ್ದದ್ದರಿ."

ನನಗೆ ಮೈಯೆಲ್ಲ ಉರಿಯಿತು. ಹೇಳಿದರೆ ನಾನೇನು ಅಲ್ಲೇ ಬಿದ್ದು ಸಾಯುತ್ತಿದ್ದೆನೇ? ಅಧಿಕಾರಿ ಪೆನ್ನು ತೆಗೆದು ‘ಗಂಡನ ಹೆಸರು’ ಎಂದು ಬರೆದು, ಮುಂದೆ ‘ಗೊತ್ತಿ’ ತನಕ ಬಂದಿದ್ದರು.

ಅವ್ವ ಎದ್ದು ನಿಂತಳು. "ಹೇಳವ್ವ, ಇದೂ ಒಂದ ಹೊಸ್ತಿಲ ಐತಿ. ಒಡಪು ಹಾಕಿ ಹೇಳಿದ್ರ ಏನೂ ಆಗಂಗಿಲ್ಲ."

ಮಾಲಾ ಎದ್ದು ತಲೆಯ ಮೇಲೆ ಸೆರಗು ಹೊದ್ದಳು.

"ಸಮುದ್ರ ದಾಟಿ ಬಂದೇನಿ, ಕಂಡೇನಿ ಖಾನಾಪುರದ ಕಾನನ,
ಹೊಸ್ತಿಲ ದಾಟಾಕ ಬಿಡ್ರಿ, ನಮ್ಮನಿಯವರ ಹೆಸರು ಗಜಾನನ."

ಎಂಟು ವರ್ಷದ ಹಿಂದಿನ ಅದೇ ಎರಡು ಸಾಲು. ಅಂದು ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ಇಂದು ‘ದಾಟಾಕ ಬಿಡ್ರಿ’ ಎನ್ನುವಾಗ ಅವಳ ದನಿ ನಡುಗಿತು. ನನಗೆ ಅಳು ಬಂತು, ನಾಚಿಕೆಯೇನಿಲ್ಲ.

ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ ‘ಮದುವೆ ನಿಜ’ ಎಂದು ಬರೆದರು. ಆಮೇಲೆ ಅವ್ವನನ್ನು ಕೇಳಿದರು, "ಅಮ್ಮಾ, ಸಾಕ್ಷಿ ನೀವಲ್ಲವೇ? ನಿಮ್ಮ ಯಜಮಾನರ ಹೆಸರು?"

ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಅವ್ವ ಸೆರಗನ್ನು ಬಾಯಿಗೆ ಹಿಡಿದಳು. "ಸೊಸಿನ್ನ ಕೇಳ್ರಿ."

"ಮಾವನ ಹೆಸರು ಹೆಂಗ ಹೇಳ್ಲಿರಿ?" ಎಂದಳು ಮಾಲಾ.

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದರು. "ಈಗ ನೀವು ಬಾಯಿ ಬಿಡಬಹುದು."

ಬಾಯಿ ಬಿಟ್ಟೆ. ಕಿವಿಯಲ್ಲಿ ಇನ್ನೂ ನನ್ನದೇ ಹೆಸರು ತುಂಬಿತ್ತು, ಅಪ್ಪನ ಹೆಸರು ತಟ್ಟನೆ ನೆನಪಾಗಲಿಲ್ಲ.