ಕಾರಿನ ಚಾವಣಿಗೆ ಧಾರೆ ಸೀರೆ

ವಕೀಲ ವ್ಯಾಸರಾಜನಂಥ ಸೋಗಿನ ಮಡಿವಂತನನ್ನು ನಾನು ನಂಜನಗೂಡಿನಲ್ಲಿ ಇನ್ನೊಬ್ಬನನ್ನು ಕಂಡಿಲ್ಲ. ಕೋರ್ಟಿನ ಹತ್ತಿರ ಯಾರು ಕರಿದ ವಡೆಯಾದರೂ ನಡೆಯುತ್ತಿತ್ತು. ಮನೆಯ ಗೇಟು ದಾಟಿದ ಮೇಲೆ ಗಾಳಿಯೂ ಸ್ನಾನ ಮಾಡಿಕೊಂಡೇ ಒಳಗೆ ಬರಬೇಕು. ಅಂಥವನು ಎಪ್ಪತ್ತೆಂಟನೇ ಇಸವಿಯಲ್ಲಿ ಮೈಸೂರಿನಿಂದ ಒಂದು ಹಳೇ ಅಂಬಾಸಿಡರ್ ತಂದ. ಎಂಜಿನ್ ಹೊಗೆ ಕಾರುತ್ತಿತ್ತು, ಒಂದು ಬಾಗಿಲಿಗೆ ಹಗ್ಗ ಕಟ್ಟಿತ್ತು, ಒಳಗಿನ ಚಾವಣಿ ಬಟ್ಟೆ ಹರಿದು ಕೂತವರ ತಲೆಯ ಮೇಲೆ ಜೋತಾಡುತ್ತಿತ್ತು. ಕಾರುಗಳ ಸೀಟು, ಚಾವಣಿ ಹೊಲಿಯುವುದು ನನ್ನ ಕಸುಬು. ಹಾಗಾಗಿ ನನ್ನ ಶೆಡ್ಡಿಗೇ ಬಂದ.

ಅವನ ತಾಯಿ ಭಾಗೀರಥಮ್ಮನವರು ಗಂಡ ತೀರಿಕೊಂಡ ದಿನದಿಂದ ಕಟ್ಟುಮಡಿಯಲ್ಲಿದ್ದವರು. ಅವರನ್ನು ಮಾಘಸ್ನಾನಕ್ಕೆ ನರಸೀಪುರದ ಸಂಗಮಕ್ಕೆ ಕಾರಿನಲ್ಲಿ ಕರೆದೊಯ್ದು ಊರಿಗೆಲ್ಲ ತೋರಿಸಬೇಕೆಂಬುದು ಮಗನ ಹಂಬಲ. ಸೀಟಿನ ಮೇಲೆ ಧಾಬಳಿ ಹಾಸಿದರೆ ಮಡಿ ಆಯಿತು. ತಲೆಗೆ ತಾಗುವ ಬಟ್ಟೆಗೆ ಏನು ಮಾಡುವುದು?

"ರೇಷ್ಮೆ ಹಾಕಯ್ಯ ಚಿಕ್ಕಸ್ವಾಮಿ. ರೇಷ್ಮೆಗೆ ಮೈಲಿಗೆ ಇಲ್ಲ," ಎನ್ನುತ್ತ ಚೀಲದಿಂದ ಒಂದು ಸೀರೆ ತೆಗೆದ. ಅರಿಶಿನ ಬಣ್ಣ, ಕೆಂಪಂಚು, ಸೆರಗಿನ ತುಂಬ ಜರಿ. "ಅಮ್ಮನ ಧಾರೆ ಸೀರೆ. ಇನ್ನೇನು ಉಡೋ ಹಾಗಿಲ್ಲವಲ್ಲ, ಪೆಟ್ಟಿಗೇಲಿ ಸುಮ್ನೆ ಬಿದ್ದಿತ್ತು."

"ಅವ್ವಾರ್ನ ಕೇಳುದ್ರಾ ಸಾ?"

"ಕೇಳೋದೇನಯ್ಯ? ಅವರಿಗೋಸ್ಕರ ತಾನೇ ಮಾಡಿಸ್ತಿರೋದು!"

ತಾಯಿಯ ಪೆಟ್ಟಿಗೆಗೆ ಕೈಹಾಕಿ ತಾಯಿಯ ಸೇವೆಯಂತೆ! ಆ ಸೀರೆಯನ್ನು ಅವನ ಕೈಗೇ ತಿರುಗಿ ತುರುಕಿ ಕಳಿಸಬೇಕಿತ್ತು. ಕಳಿಸಲಿಲ್ಲ. ಇವನ ಮಡಿಯನ್ನು ಇವನ ತಲೆಯ ಮೇಲೇ ಕೆಡಿಸುವ ಚಪಲ ನನಗೆ.

ಯಾಕೆಂದರೆ ಚಾವಣಿ ಕೆಲಸ ಮಾಡುವ ರೀತಿಯೇ ಹಾಗೆ. ಬಟ್ಟೆಯ ಹಿಂದೆ ಅಡ್ಡಪಟ್ಟಿ ಹೊಲಿದು, ಅದರೊಳಗೆ ಬಾಗಿದ ಕಂಬಿ ತೂರಿಸಿ, ಅಂಚಿಗೆ ಅಂಟು ಬಳಿದು ಬಿಗಿಯಾಗಿ ಎಳೆದು ಸುತ್ತಲೂ ಸಣ್ಣ ಮೊಳೆ ಹೊಡೆಯಬೇಕು. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಇರುವುದು ಬಾಯಲ್ಲಿ. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು ತೆಗೆಯಬೇಕು. ಇನ್ನೂರು ಮೊಳೆ ಹೊಡೆದೆ, ಇನ್ನೂರೂ ನನ್ನ ಎಂಜಲು. ವಕೀಲ ಪಂಚೆ ಎತ್ತಿ ಹಿಡಿದು ಮಾರು ದೂರದಲ್ಲಿ ನಿಂತು, "ನನ್ನ ಮುಟ್ಟಿಬಿಟ್ಟೀಯ, ಜೋಕೆ," ಅನ್ನುತ್ತ ಎಲ್ಲವನ್ನೂ ನೋಡುತ್ತಲೇ ಇದ್ದ. ಆ ಪೆದ್ದನಿಗೆ ಹೊಳೆಯಲೇ ಇಲ್ಲ. ನನಗೆ ಒಳಗೊಳಗೇ ನಗು.

ಸೆರಗಿನ ಜರಿ ದಪ್ಪ, ಕಂಬಿಗೆ ಬಗ್ಗಲಿಲ್ಲ. ಕತ್ತರಿಸಿ ಪಕ್ಕಕ್ಕೆಸೆದೆ. ಆಮೇಲೆ ಅಂಟು ಮೆತ್ತಿದ ಕೈ ಒರೆಸಲು ಅದೇ ಸಿಕ್ಕಿತು, ಒರೆಸಿಕೊಂಡೆ.

ಕೆಲಸ ಮುಗಿದದ್ದು ಸ್ನಾನಕ್ಕೆ ಹೊರಡುವ ದಿನ ಬೆಳಿಗ್ಗೆ. ಅಲ್ಲಿಂದಲೇ ಹೊರಡೋಣವೆಂದು ವ್ಯಾಸರಾಜ ತಾಯಿಯನ್ನು ಶೆಡ್ಡಿಗೇ ಕರೆತಂದ. ಭಾಗೀರಥಮ್ಮನವರು ಧಾಬಳಿಯ ಮೇಲೆ ಕೂತರು, ತಲೆ ಎತ್ತಿದರು. ಕೈ ಚಾಚಿ ಕೆಂಪಂಚನ್ನು ಸವರಿದರು.

"ಹೇಗಿದೆಯಮ್ಮಾ?" ಎಂದು ಮಗ ಹಲ್ಲು ಕಿರಿದ.

ಅವರು ಅವನ ಕಡೆ ನೋಡಲಿಲ್ಲ. "ಇದರ ಸೆರಗೆಲ್ಲಪ್ಪಾ?" ಎಂದು ನನ್ನನ್ನು ಕೇಳಿದರು.

ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಮೂಲೆಯಿಂದ ಎತ್ತಿ ತಂದೆ. ಅಂಟು ಒಣಗಿ ಹಪ್ಪಳದ ಹಾಗೆ ಸೆಟೆದಿತ್ತು. ಅಂಥ ಮಡಿಯವರಿಗೆ ಏನು ಕೊಟ್ಟರೂ ನೆಲದ ಮೇಲಿಟ್ಟು ಹಿಂದೆ ಸರಿಯುವುದು ವಾಡಿಕೆ. ನಾನು ಬಗ್ಗುವಷ್ಟರಲ್ಲಿ ಅವರು ಕಾರಿನಿಂದಿಳಿದು, ಕೈಯೊಡ್ಡಿ, ನನ್ನ ಕೈಯಿಂದಲೇ ತೆಗೆದುಕೊಂಡರು.

"ತಪ್ಪಾಯ್ತು ಕಣವ್ವ. ಕೈ ಒರಸ್ಕಬುಟ್ಟೆ," ಅಂದೆ.

"ಅಮ್ಮಾ, ಮೈಲಿಗೆ!" ಎಂದು ವ್ಯಾಸರಾಜ ಕೂಗಿದ.

"ರೇಷ್ಮೆಗೆ ಎಲ್ಲಿಯ ಮೈಲಿಗೆಯೋ?" ಅಂದರು ಭಾಗೀರಥಮ್ಮ. "ಅದರ ಕೆಳಗೆ ನೀನೇ ಕೂತ್ಕೊ. ನಾನು ಬಸ್ಸಲ್ಲಿ ಹೋಗ್ತೀನಿ."

ಆ ಚೂರನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮೂಟೆ, ಕೋಳಿ, ಕೂಸುಗಳ ನಡುವೆ, ಎಲ್ಲರ ಮೈ ತಾಗಿಸಿಕೊಂಡು ನಿಂತೇ ಹೋದರಂತೆ. ಬಸ್ಸಿನ ಹಿಂದೆ ನರಸೀಪುರದವರೆಗೂ ಧೂಳು ಕುಡಿಯುತ್ತ ವಕೀಲನ ಅಂಬಾಸಿಡರ್. ಹಿಂದಿನ ಸೀಟಿನಲ್ಲಿ ಬರೀ ಧಾಬಳಿ.

ಹೊಟ್ಟೆ ಹುಣ್ಣಾಗುವಷ್ಟು ನಗಬೇಕಿತ್ತು ನಾನು. ನಗು ಬರಲಿಲ್ಲ. ಎಷ್ಟು ಬೈದರೂ ಅವನು ಸೀರೆಯನ್ನು ಪೆಟ್ಟಿಗೆಯಿಂದ ತೆಗೆದವನು ಮಾತ್ರ. ಗೊತ್ತಿದ್ದೂ ಕತ್ತರಿ ಹಾಕಿದವನು ನಾನು.