ಹಲ್ಲಿನ ಟೈರು

ಈರಣ್ಣ ಎರಡು ಹೊಸ ಟೈರುಗಳನ್ನು ಅಂಗಡಿಯೊಳಗಿನಿಂದ ಉರುಳಿಸಿಕೊಂಡು ಬಂದು ಜೀಪಿಗೆ ಒರಗಿಸಿದ. ಒಂದಕ್ಕೆ ಹೆಬ್ಬೆರಳು ಹೂತುಹೋಗುವಷ್ಟು ಆಳದ ಹಲ್ಲು. ಇನ್ನೊಂದರ ಮೈಮೇಲೆ ಸಣ್ಣ ಗೆರೆಗಳಷ್ಟೇ.

"ತ್ವಾಟದ ಕೆಸ್ರಿಗೆ ಹಲ್ಲಿಂದೇ ಸರಿ ಕಣಪ್ಪ, ಬೆಟ್ಟಸ್ವಾಮಿ. ಟಾರ್ ರೋಡಲ್ಲಿ ಮಾತ್ರ ಗುಂಯ್ ಅಂತ ಅರಚ್ಕೊಳ್ತೈತೆ. ಇನ್ನೊಂದು ಸದ್ದೇ ಮಾಡಲ್ಲ, ಆದ್ರೆ ಮಳೇಲಿ ಜಾರ್ತೈತೆ."

ಬೆಟ್ಟಸ್ವಾಮಿ ಹಲ್ಲಿನ ಟೈರಿನ ಕಡೆ ನೋಡಲೇ ಇಲ್ಲ. "ಸದ್ದಿಲ್ದಿರೋದೇ ಹಾಕು," ಎಂದ.

ಅವನ ಅತ್ತಿಗೆ ಸರ್ವಮಂಗಳ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದಳು. ಟೈರು ಕೊಳ್ಳುವುದಕ್ಕೆ ಹೆಂಗಸೇಕೆ ಎಂದು ತಮ್ಮೂರು ಅರಳಗುಪ್ಪೆಯಲ್ಲಿ ಯಾರೋ ಕೇಳಿದ್ದರೂ ಅವಳು ಜೀಪು ಹತ್ತಿ ಬಂದಿದ್ದಳು.

ಜೀಪು ಅವಳ ಗಂಡ ಮರುಳಸಿದ್ದಯ್ಯನದು. ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ಅವನು ಹಿಂದಿರುಗುವಾಗ ಹಲ್ಲಿನ ಟೈರುಗಳ ಸದ್ದು ಕೆರೆ ಏರಿಯಿಂದಲೇ ಮನೆಗೆ ಕೇಳುತ್ತಿತ್ತು. ಅವಳು ಎದ್ದು ಹಂಡೆಯ ಒಲೆಗೆ ತೆಂಗಿನ ಮಟ್ಟೆ ತುರುಕುತ್ತಿದ್ದಳು. ಹೋದ ಮುಂಗಾರಿನಲ್ಲಿ ಹಲ್ಲು ಸವೆದ ಒಂದು ಟೈರು ಏರಿಯ ಅಂಚಿನ ಕೆಸರಿನಲ್ಲಿ ಜಾರಿತು. ಜೀಪಿನ ಜೊತೆ ಅವನೂ ಕೆರೆಗೆ ಬಿದ್ದ.

ಅವನ ತಿಥಿ ಕಾರ್ಯವೆಲ್ಲ ಮುಗಿದ ಮೇಲೆ ಬೆಟ್ಟಸ್ವಾಮಿ ರಿಪೇರಿಯಾದ ಜೀಪನ್ನು ಅದೇ ಹಳೇ ಟೈರುಗಳಲ್ಲಿ ಒಂದು ಸಂಜೆ ಮನೆಗೆ ಓಡಿಸಿಕೊಂಡು ಬಂದ. ಬಚ್ಚಲಿನಿಂದ ಹೊಗೆ ಏಳುತ್ತಿತ್ತು. ಸರ್ವಮಂಗಳ ಟವಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಳಿದವನು ಮೈದುನ ಎಂದು ಕಂಡಾಗ ಅವಳ ಮುಖ ಕಳೆಗುಂದಿದ್ದು ಅವನ ಕಣ್ಣಿಗೆ ಕಟ್ಟಿಹೋಯಿತು. ಜೀಪನ್ನು ಕೊಟ್ಟಿಗೆಗೆ ತಳ್ಳಿದವನು ಇವತ್ತಿನವರೆಗೂ ಮುಟ್ಟಿರಲಿಲ್ಲ.

"ಅದ್ಯಾಕೆ ಅದು?" ಸರ್ವಮಂಗಳ ಎದ್ದು ಬಂದಳು.

"ಸದ್ದು ಮಾಡಲ್ವಂತೆ, ಅತ್ಗೆ. ನಿಮ್ಗೆ..." ಅವನು ಟೈರನ್ನು ಅವಳ ಕಡೆ ವಾಲಿಸಿದ.

ಅವಳು ನುಣುಪು ಟೈರಿನ ಮೇಲೆ ಅಂಗೈ ಎಳೆದಳು. ಕೈ ಎಲ್ಲಿಯೂ ತಡೆಯದೆ ಸರಿಯಿತು.

"ಏರಿ ಮ್ಯಾಲೆ ಓಡಾಡೋನು ನೀನು. ಹಲ್ಲಿಂದೇ ಹಾಕ್ಸು."

"ದಿನಾ ಕೇಳ್ಬೇಕಾಯ್ತದೆ, ಅತ್ಗೆ."

"ಈಗೇನು ಕೇಳ್ದಂಗಿದೀನಾ? ಜೀಪು ಕೊಟ್ಟಿಗೇಲಿ ನಿಂತಿದ್ರೂ ದಿನಾ ಸಂಜೆ ಆ ಸದ್ದು ಬತ್ತೈತೆ." ಅವಳು ಟೈರಿನಿಂದ ಕೈ ತೆಗೆದಳು. "ನಿಂದೂ ಬರೀ ಸದ್ದೇ ಮನೇಗ್ ಬರೋದು ಬ್ಯಾಡ, ಬೆಟ್ಟಸ್ವಾಮಿ."

ಈರಣ್ಣ ಜಾಕಿ ತಂದ.

ಕಿಬ್ಬನಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಬೆಟ್ಟಸ್ವಾಮಿ ವೇಗ ಹೆಚ್ಚಿಸುತ್ತಿದ್ದಂತೆ ಕಾಲ ಕೆಳಗಿನಿಂದ ಆ ಸದ್ದು ಎದ್ದಿತು. ಅಣ್ಣ ಬರುತ್ತಿದ್ದ ಸದ್ದೇ. ಅವನ ಕಾಲು ಆಕ್ಸಿಲರೇಟರಿನಿಂದ ತಾನಾಗಿಯೇ ಮೇಲೆದ್ದಿತು. ಸರ್ವಮಂಗಳ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಮುಂದಕ್ಕೆ ನೋಡುತ್ತಲೇ, "ಓಡ್ಸು," ಎಂದಳು. ಏರಿಯ ಮೇಲೆ ಹೋಗುವಾಗ ಇಬ್ಬರೂ ನೀರಿನ ಕಡೆ ತಿರುಗಲಿಲ್ಲ.

ಮನೆ ಮುಂದೆ ನಿಲ್ಲಿಸುವಷ್ಟರಲ್ಲಿ ಅವನ ತಾಯಿ ಕಲ್ಲಮ್ಮ ಗೋಡೆ ಹಿಡಿದುಕೊಂಡು ಜಗಲಿಗೆ ಬಂದಿದ್ದಳು. ಪೊರೆ ಬಂದ ಕಣ್ಣುಗಳನ್ನು ಜೀಪಿನ ಕಡೆ ಎತ್ತಿ ಕೇಳಿದಳು, "ಮರುಳಾ, ಬಂದ್ಯೇನಪ್ಪಾ?"

ಬೆಟ್ಟಸ್ವಾಮಿ ಇಂಜಿನ್ ಆರಿಸಿದ. ಸರ್ವಮಂಗಳ ಇಳಿದು ಹೋಗಿ ಅತ್ತೆಯ ಕೈ ಹಿಡಿದಳು. "ನಾವು ಕಣತ್ತೆ. ನಾನೂ ಬೆಟ್ಟಸ್ವಾಮೀನೂ."

ಕಲ್ಲಮ್ಮ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದಳು. ತಡವುತ್ತಾ ಬಂದು ಮುಂದಿನ ಚಕ್ರವನ್ನು ಮುಟ್ಟಿದಳು.

"ಬೆಚ್ಚಗೈತೆ," ಎಂದಳು.

ಹೊತ್ತು ಮುಳುಗುತ್ತಿತ್ತು. ರಬ್ಬರು ತಣ್ಣಗಾಗುವವರೆಗೂ ಅವಳು ಅಂಗೈ ತೆಗೆಯಲಿಲ್ಲ.