ಮಣಿಕಟ್ಟಿನ ಮೇಲಿನ ಅಂಕಿ

"ಒಂದ್ನಿಮಿಷ, ಮುಚ್ಚಬೇಡಿ" ಎನ್ನುತ್ತ ಶಿಷ್ಯೆ ನೆರೆದವರ ನಡುವೆ ದಾರಿ ಮಾಡಿಕೊಂಡು ಬಂದಳು. ದೇಹಕ್ಕೆ ಬಿಳಿ ಬಟ್ಟೆ ಸುತ್ತುತ್ತಿದ್ದವರ ಕೈ ನಿಂತಿತು. "ಮೇಡಂ ಎಡಗೈ ಒಂದ್ಸಲ ನೋಡ್ಬೇಕಿತ್ತು."

"ಕೈ ನೋಡಿ ಭವಿಷ್ಯ ಹೇಳ್ತೀಯೇನಮ್ಮ, ಈಗ?" ಎಂದರು ಸತ್ತವರ ಭಾವ.

ಶಿಷ್ಯೆ ತಲೆ ತಗ್ಗಿಸಲಿಲ್ಲ. ಪ್ರಯೋಗಾಲಯದ ಶೀತಕೋಣೆಯಲ್ಲಿ ಅರುವತ್ತು ಕೊಳವೆಗಳು ಮಂಜುಗಡ್ಡೆಯಲ್ಲಿ ಕುಳಿತಿದ್ದವು. ಅವಳೂ ಮೇಡಮ್ಮೂ ಮೂರು ವರ್ಷ ಬೆನ್ನುಹತ್ತಿದ್ದ ಪ್ರೋಟೀನು ಅವುಗಳಲ್ಲಿ ಒಂದರಲ್ಲಿ ಮಾತ್ರ ಶುದ್ಧವಾಗಿ ಇಳಿದಿತ್ತು. ನಿನ್ನೆ ಸಂಜೆ ಮೇಡಂ ಆ ಕೊಳವೆಯ ಅಂಕಿಯನ್ನು ಮಣಿಕಟ್ಟಿನ ಮೇಲೆ ಗೀಚಿಕೊಂಡಿದ್ದರು. ಪ್ರಯೋಗದ ಪುಸ್ತಕಕ್ಕೆ ಇಳಿಸುವ ಮೊದಲೇ ಎದೆ ಹಿಡಿದು ಕುಸಿದಿದ್ದರು. ಒಂದೊಂದನ್ನೇ ಪರೀಕ್ಷಿಸಲು ಎರಡು ದಿನ ಬೇಕು. ಮಧ್ಯಾಹ್ನ ದಾಟಿದರೆ ಪ್ರೋಟೀನು ಕೆಡುತ್ತದೆ. ಆಗಲೇ ಹನ್ನೊಂದು ಹೊಡೆದಿತ್ತು.

\* \* \*

ಮೇಡಮ್ಮಿಗೆ ಆ ಗೀಚುವ ಚಟ ಹಾಲಿನ ಡೈರಿಯಲ್ಲಿ ಅಂಟಿದ್ದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಲ್ಲಿ ಹಾಲು ಪರೀಕ್ಷಿಸುವ ಕೆಲಸ. ಒದ್ದೆ ಕೈಯಲ್ಲಿ ಕಾಗದ ನಿಲ್ಲದೆ ಕ್ಯಾನುಗಳ ಅಂಕಿಗಳೆಲ್ಲ ತೋಳಿಗೇರುತ್ತಿದ್ದವು. ಸಂಜೆ ಕಾಲೇಜಿನಲ್ಲಿ ಪದವಿ, ಮೂವತ್ತೆಂಟಕ್ಕೆ ಡಾಕ್ಟರೇಟು. ಚಟ ಮಾತ್ರ ಬಿಡಲಿಲ್ಲ. ಮನೆಯಲ್ಲಿ ಅಕ್ಕ ಸಾಬೂನು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದಳು.

"ಇದೇನೇ, ಚರ್ಮಾನೋ ಹಲಗೆನೋ?"

"ಹಲಗೆ ಕಳೆದುಹೋಗುತ್ತೆ ಅಕ್ಕಾ. ಕೈ ಎಲ್ಲಿಗೆ ಹೋಗುತ್ತೆ?"

\* \* \*

ಅಕ್ಕ ಬಟ್ಟೆ ಸರಿಸಿದಳು. ಮಣಿಕಟ್ಟಿನಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಶಿಷ್ಯೆ ಕೈ ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದಳು.

"ಬೆಳಿಗ್ಗೆ ನಾನೇ ತೊಳೆದೆ" ಎಂದಳು ಅಕ್ಕ. "ಕೊನೇ ಸಲನಾದ್ರೂ ಚೊಕ್ಕವಾಗಿ ಹೋಗ್ಲಿ ಅಂತ."

"ಆಯ್ತಲ್ಲ, ಹೊರಡೋಣ. ಗಾಡಿ ಕಾಯ್ತಿದೆ" ಎಂದರು ಭಾವ.

ಶಿಷ್ಯೆ ಎರಡು ಹೆಜ್ಜೆ ಹಿಂದೆ ಸರಿದಳು. ಅಕ್ಕ ಅವಳ ತೋಳು ಹಿಡಿದಳು.

"ನಿಲ್ಲು. ಸುಲಭಕ್ಕೆ ಹೋಗ್ಲಿಲ್ಲ ಅದು. ಮೂರು ಸಲ ಸಾಬೂನು ಹಾಕಿ ತಿಕ್ಕಿದೀನಿ. ಮೂವತ್ತೇಳು. ಕೆಳಗೊಂದು ಗೆರೆ."

"ಹದಿನೇಳು ಅಲ್ಲ ತಾನೆ, ದೊಡ್ಡಮ್ಮ?"

"ನಲವತ್ತು ವರ್ಷ ತೊಳೆದಿದೀನಿ ಕಣೇ ಅವಳ ಕೈಬರಹಾನ. ನನಗೇ ಹೇಳ್ಕೊಡ್ತೀಯಾ? ಪೆನ್ನು ತಾ."

ಶಿಷ್ಯೆ ಪೆನ್ನು ಕೊಟ್ಟು, ಚೀಟಿಗಾಗಿ ಚೀಲ ತಡಕಾಡಿದಳು. ಅಕ್ಕ ಕಾಯಲಿಲ್ಲ. ಅವಳ ಎಡಗೈಯನ್ನು ತನ್ನತ್ತ ಎಳೆದುಕೊಂಡು, ಮಣಿಕಟ್ಟಿನ ಮೇಲೆ ದಪ್ಪಗೆ ಎರಡು ಅಂಕಿ ಬರೆದು, ಕೆಳಗೆ ಗೆರೆ ಎಳೆದು, ಶಾಯಿ ಒಣಗುವವರೆಗೂ ಬಾಯಿಂದ ಊದುತ್ತ ನಿಂತಳು.